ಒರತೆ ಯಾರದು

ಗುಡ್ಡ ನಿಮ್ಮದೇನಮ್ಮಾ ಎಂದು ಸರ್ಕಾರದ ಕಡೆಯ ವಕೀಲೆ ಕೇಳಿದಳು. ನಮ್ಮಮ್ಮ ಸಾಕ್ಷಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ, "ಅಲ್ಲ" ಎಂದಳು.

ಅಷ್ಟೇ. ಎರಡು ವರ್ಷ ನಾನು ಒಂದೊಂದೇ ಕಾಗದ ಕೂಡಿಸಿ ಕಟ್ಟಿದ ಕಡತ ನೀರುಪಾಲಾಯಿತು. ನಾಲ್ಕು ತಲೆಮಾರಿನ ವಂಶಾವಳಿ, ಅಜ್ಜನ ಕಾಲದ ಒಲೆಕಲ್ಲುಗಳ ಫೋಟೊ, ಗುಡ್ಡದಲ್ಲಿ ಆಡು ಮೇಯಿಸಬೇಡ ಎಂದು ಅರಣ್ಯ ಕಚೇರಿಯವರು ಮುತ್ತಜ್ಜನಿಗೆ ಕೊಟ್ಟಿದ್ದ ಹಳೇ ನೋಟಿಸು, ಎಲ್ಲ ಸೇರಿ ನೂರಾ ಹದಿನಾಲ್ಕು ಪುಟ. ವಕೀಲೆ ಎರಡನೇ ಪ್ರಶ್ನೆಯನ್ನೇ ಕೇಳಲಿಲ್ಲ. "ಆಯ್ತಮ್ಮಾ, ಮಂಡಿ ನೋವಿರಬೇಕು, ನಿಧಾನವಾಗಿ ಇಳೀರಿ" ಎಂದು ಕೈ ಹಿಡಿದು ಇಳಿಸಿದಳು. ಅವಳಿಗೆ ನಾನು ಇಟ್ಟಿದ್ದ ಹೆಸರು ಸಕ್ಕರೆ. ನಮ್ಮ ಜನರ ಹದಿನೇಳು ಅರ್ಜಿಗಳನ್ನು ಅವಳು ಹೀಗೇ ಕೈ ಹಿಡಿದು ಇಳಿಸಿದ್ದಾಳೆ.

ನಾನು ನಮ್ಮ ಕಡೆಯ ವಕೀಲರ ಕಚೇರಿಯಲ್ಲಿ ಗುಮಾಸ್ತೆ. ಒಂಬತ್ತನೇ ವಯಸ್ಸಿಗೆ ಗುಡ್ಡ ಇಳಿದು ಹಾಸ್ಟೆಲ್ಲು ಸೇರಿದವಳು. ಬೆರಳಚ್ಚು, ಕಡತ, ಕಾನೂನಿನ ಕಲಮು, ಇವೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಹೊಸ ಕಾನೂನು ಬಂದಾಗ ಮೊದಲು ಓದಿದವಳೇ ನಾನು. ಗುಡ್ಡಗಾಡಿನ ಜನ ತಲೆಮಾರುಗಳಿಂದ ಬಾಳಿದ ನೆಲವನ್ನು ತಮ್ಮದೆಂದು ಹೇಳಿ ರುಜುವಾತು ಮಾಡಿದರೆ ಹಕ್ಕುಪತ್ರ ಕೊಡಬೇಕು ಎನ್ನುತ್ತದೆ ಅದು. ಹೇಳದಿದ್ದರೆ ನೆಲ ಸರ್ಕಾರದ್ದು. ಸರ್ಕಾರದ್ದಾದರೆ ಮಾರನೇ ದಿನವೇ ಅದು ಕಲ್ಲು ಕಂಪನಿಯ ಪಾಲು; ಅದಕ್ಕೆ ಬೇಕಾದ ಕಾಗದಗಳು ಆಗಲೇ ಸಿದ್ಧವಾಗಿ ಕೂತಿದ್ದವು.

ಅಂಥ ಹೊತ್ತಿನಲ್ಲಿ ಇವಳು ಅಲ್ಲ ಅನ್ನುತ್ತಾಳೆ. ನನಗೆ ಮೈಯೆಲ್ಲ ಉರಿದುಹೋಯಿತು.

ವಿಚಾರಣೆ ನಡೆಯುತ್ತಿದ್ದದ್ದು ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ. ಹೊರಗೆ ಉದ್ದನೆಯ ಮೊಗಸಾಲೆ, ಗೋಡೆಗೆ ಒರಗಿಸಿದ ಎರಡು ಬೆಂಚು, ಹಿಡಿ ಕಿತ್ತುಹೋದ ನೀರಿನ ಫಿಲ್ಟರು. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ನಾನು ನಿಂತೇ ಇದ್ದೆ.

"ನಿನಗೆ ಎಷ್ಟು ಸಲ ಹೇಳಿದ್ದೆ? ಹೌದು ಅನ್ನು. ಒಂದೇ ಒಂದು ಮಾತು. ಹೌದು."

"ತಲೆ ಆಡಿಸಿದ್ದೆ, ಹೂಂ ಅಂದಿರಲಿಲ್ಲ" ಎಂದಳು ಅಮ್ಮ.

"ಮತ್ತೆ ಗುಡ್ಡ ಯಾರದು?"

"ನನ್ನನ್ಯಾಕೆ ಕೇಳ್ತೀಯ?"

ಆಗ ನೆನಪಾಯಿತು ನನಗೆ. ನೆನಪಾಯಿತು ಎನ್ನುವುದೂ ಸುಳ್ಳೇ. ಗೊತ್ತಿತ್ತು, ಬೇಕೆಂದೇ ಮರೆತಿದ್ದೆ. ನಮ್ಮವರಲ್ಲಿ ನೆಲ ತನ್ನದು ಎಂದು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಹೇಳುವ ಹಕ್ಕು ಪಕ್ಕದವರದು. ನಿನ್ನ ಗಡಿ ಎಲ್ಲಿಂದ ಎಲ್ಲಿಗೆ ಎಂದು ಆಚೆಯವನು ಹೇಳಬೇಕು, ಅವನದನ್ನು ನೀನು ಹೇಳಬೇಕು. ತನ್ನದು ಎಂದು ತಾನೇ ಹೇಳಿಕೊಳ್ಳುವವನು ಯಾರದನ್ನೋ ಕಿತ್ತುಕೊಂಡಿದ್ದಾನೆ ಎಂದೇ ನಮ್ಮವರ ತಿಳಿವಳಿಕೆ. ಹೊರಗಿನವರು ಕೇಳಿದರಂತೂ ಮುಗಿಯಿತು, ಅಲ್ಲ ಎಂದು ಪಕ್ಕದ ಮನೆಯತ್ತ ಕೈ ತೋರಿಸಬೇಕು. ಅರ್ಜಿಯ ಏಳನೇ ಕಲಮಿನಲ್ಲಿ 'ಈ ನೆಲ ನನ್ನದು' ಎಂದು ಬೆರಳಚ್ಚು ಮಾಡಿ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಅದನ್ನು ನಾನು ಓದಿ ಹೇಳಿರಲಿಲ್ಲ. ಹೇಳಿದ್ದರೆ ಒತ್ತುತ್ತಿರಲಿಲ್ಲ.

ನಮ್ಮ ವಕೀಲರು ವಯಸ್ಸಾದವರು. ಸಿಟ್ಟು ಬಂದರೂ ದನಿ ಏರಿಸುವವರಲ್ಲ. ನಾನು ಇದೆಲ್ಲ ಹೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ವರ್ಷದಿಂದ ನನ್ನ ಎದುರಿಗೇ ಕೂತಿದ್ದೀಯಲ್ಲ ಮಗಳೇ, ಇದನ್ನ ಈಗ ಹೇಳ್ತಿದ್ದೀಯಾ?"

ಮಾಡಿದ ತಪ್ಪಿಗೆ ತೇಪೆ ಹಚ್ಚಲು ಒಂದು ಪ್ರಮಾಣಪತ್ರ ಬರೆದೆ. ಆರು ಪುಟ. ನಮ್ಮಲ್ಲಿ ಯಾರು ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು, ಅಲ್ಲ ಎನ್ನುವುದು ಯಾಕೆ ನಿರಾಕರಣೆಯಲ್ಲ, ಪಕ್ಕದವರ ಮಾತೇ ಯಾಕೆ ರುಜುವಾತು, ಎಲ್ಲವನ್ನೂ ಬಿಡಿಸಿ ಬಿಡಿಸಿ ಬರೆದೆ. ಬರೆದು ಮುಗಿಸಿದಾಗ ನನಗೇ ಹೆಮ್ಮೆಯಾಯಿತು. ವಕೀಲರು ಓದಿ, "ಚೆನ್ನಾಗಿದೆ, ಆದರೆ ಇದನ್ನ ಆ ಕಡೆಯವಳೂ ಓದ್ತಾಳೆ" ಎಂದರು. ಓದಲಿ ಬಿಡಿ ಎಂದೆ. ಓದಿ ಬುದ್ಧಿ ಕಲಿಯಲಿ ಎಂದುಕೊಂಡೆ.

ವಿಚಾರಣಾಧಿಕಾರಿ ಪ್ರಮಾಣಪತ್ರವನ್ನು ದಾಖಲೆಗೆ ತೆಗೆದುಕೊಂಡರು. ಹಾಗಿದ್ದರೆ ಪಕ್ಕದವರನ್ನೇ ಕರೆತನ್ನಿ, ಕೇಳೋಣ ಎಂದರು. ಮೂರು ವಾರ ಅವಧಿ ಕೊಟ್ಟರು.

ಪಕ್ಕದವರು ಅಂದರೆ ಒಬ್ಬನೇ, ಮುಳ್ಳುಮಾವ. ತನ್ನ ಇಳಿಜಾರಿನ ಸುತ್ತ ವರ್ಷ ವರ್ಷವೂ ಹೊಸ ಮುಳ್ಳುಬೇಲಿ ಹಾಕುವುದರಿಂದ ಆ ಹೆಸರು. ಅವನ ಮಾತಿಗೂ ಅದು ಹೊಂದುತ್ತಿತ್ತು. ಅವನಿಗೂ ನಮ್ಮ ಮನೆಗೂ ಮೂವತ್ತು ವರ್ಷದಿಂದ ಎಣ್ಣೆ ಸೀಗೆಕಾಯಿ. ಜಗಳ ಒರತೆಯದು. ನಮ್ಮ ಗುಡ್ಡಕ್ಕೂ ಅವನ ಇಳಿಜಾರಿಗೂ ನಡುವೆ, ಬಂಡೆಯ ಬುಡದಲ್ಲಿ, ಬೇಸಿಗೆಯಲ್ಲೂ ಬತ್ತದ ಒರತೆಯೊಂದಿದೆ. ಎರಡೂ ಕಡೆಗೆ ನೀರೆಂದರೆ ಅದೊಂದೇ. ನನ್ನದು ಎಂದು ಯಾರೂ ಹೇಳುವಂತಿಲ್ಲದ ಕಡೆ ಜಗಳ ಹೇಗೆ ಆಗುತ್ತದೆ ಎಂದು ಕೇಳಬಹುದು. ಚೆನ್ನಾಗಿಯೇ ಆಗುತ್ತದೆ. ಅದು ಅವರದು ಎಂದು ಹೇಳದೆ ಸುಮ್ಮನಿದ್ದುಬಿಟ್ಟರೆ ಸಾಕು. ಅಪ್ಪ ಅವನದು ಎನ್ನಲಿಲ್ಲ, ಅವನು ನಮ್ಮದು ಎನ್ನಲಿಲ್ಲ. ಒರತೆಯ ಮಾತು ಬಂದಾಗಲೆಲ್ಲ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅಪ್ಪ ಸಾಯುವ ವಾರದಲ್ಲೂ ಬಾಗಿಲ ಕಡೆ ನೋಡುತ್ತಿದ್ದರು. ಮುಳ್ಳುಮಾವ ಬಂದು ಒಂದು ಮಾತು ಹೇಳಿ ಹೋಗಲಿ ಎಂಬ ಆಸೆ. ಅವನು ಬರಲಿಲ್ಲ. ಅಮ್ಮ ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಅವಳು ನೀರಿಗೆ ಹೋಗುವುದು ಬೆಳಿಗ್ಗೆ, ಅವನು ಸಂಜೆ, ಒಬ್ಬರ ಮುಖ ಒಬ್ಬರು ನೋಡದೆ ಬದುಕಲು ಅದೂ ಒಂದು ಏರ್ಪಾಡು.

ಅವನ ಮನೆಗೆ ನಾನೊಬ್ಬಳೇ ಹೋದೆ. ಅಂಗಳದಲ್ಲಿ ಕೂತು ಆಡಿನ ಕೊಟ್ಟಿಗೆಯ ಬಾಗಿಲಿಗೆ ಹೊಸ ತಡಿಕೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ.

"ಮಾವ, ಒಂದು ಮಾತಿತ್ತು."

"ನಿಮ್ಮ ಮನೇಲಿ ಮಾತಿಗೇನು ಬರ. ಆರು ಪುಟ ಬರೆದಿದ್ದೀಯಂತಲ್ಲ. ನಮ್ಮ ಒಳಗಿನ ಮಾತನ್ನೆಲ್ಲ ಕಾಗದಕ್ಕೆ ಸುರಿದು ಅವರ ಮೇಜಿನ ಮೇಲೆ ಇಟ್ಟಿದ್ದೀಯ."

"ಇಲ್ಲದಿದ್ದರೆ ಗುಡ್ಡ ಹೋಗ್ತಿತ್ತು. ನಿಮ್ಮ ಅರ್ಜಿ ಮುಂದಿನದ್ದೇ. ನಿಮ್ಮ ಗಡಿ ಹೇಳೋಕೆ ನಮ್ಮಮ್ಮನೇ ಬರಬೇಕು. ಬೇರೆ ಯಾರಿದ್ದಾರೆ?"

ತಡಿಕೆಯ ಕಡ್ಡಿಯನ್ನು ಮಂಡಿಗೆ ಒತ್ತಿ ಲಟಕ್ಕನೆ ಮುರಿದ. "ಹೆದರಿಸೋಕೆ ಬಂದಿದ್ದೀಯಾ?"

"ಕೇಳೋಕೆ ಬಂದಿದ್ದೀನಿ."

"ನಿಮ್ಮಪ್ಪ ಸಾಯೋವರೆಗೂ ನನ್ನ ಕಡೆ ಒಂದು ಮಾತು ಆಡಲಿಲ್ಲ. ನಿಮ್ಮಮ್ಮ ನನ್ನ ಬೇಲಿ ದಾಟಿದ ಆಡನ್ನು ಕಲ್ಲು ಹೊಡೆದು ಕುಂಟು ಮಾಡಿದಳು. ನಾನು ಆ ಮಹಡಿ ಹತ್ತಿ ಅವಳನ್ನ ಹೊಗಳಬೇಕಾ?"

"ಹೊಗಳಬೇಡಿ. ಇದ್ದದ್ದು ಹೇಳಿ."

"ಹೋಗು ಈಗ. ಬಂದರೆ ಬಂದೆ, ಇಲ್ಲದಿದ್ದರೆ ಇಲ್ಲ" ಎಂದ. ಮುಖ ಗಂಟು ಹಾಕಿಕೊಂಡೇ ಇದ್ದ. ಕೂತುಕೋ ಎಂದು ಕೂಡ ಹೇಳಲಿಲ್ಲ. ಆ ಮುದುಕನನ್ನು ನಾನು ಮನಸಾರೆ ಬೈದುಕೊಂಡು ಗುಡ್ಡ ಇಳಿದೆ.

ವಿಚಾರಣೆಯ ದಿನ ಬಂದ. ಒಗೆದು ಒಣಗಿಸಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಮೊಗಸಾಲೆಯ ಒಂದು ಬೆಂಚಿನಲ್ಲಿ ಅಮ್ಮ, ಇನ್ನೊಂದರಲ್ಲಿ ಅವನು. ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತಿದ್ದರು. ಆ ಗೋಡೆಯಲ್ಲಿ ಬೆಂಕಿ ಆರಿಸುವ ಸಿಲಿಂಡರು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.

ಅವನು ಕುರ್ಚಿಯಲ್ಲಿ ಕೂತು ಪ್ರಮಾಣ ಮಾಡಿದ ಮೇಲೆ ನಮ್ಮ ವಕೀಲರು ಕೇಳಿದರು, ಗುಡ್ಡ ಯಾರದು ಎಂದು.

"ಅವಳದು" ಎಂದ ಮುಳ್ಳುಮಾವ, ಅಮ್ಮನ ಕಡೆ ನೋಡದೆ. "ಕೆಳಗಿನ ಒಣಹಳ್ಳದಿಂದ ಮೇಲಿನ ಬೋಳುಬಂಡೆವರೆಗೆ. ಪೂರ್ವಕ್ಕೆ ಜೇನುಮರ. ಅವಳ ಗಂಡನದು, ಅವನಪ್ಪನದು, ಅವನ ತಾತನದು. ನನಗೆ ಅವರನ್ನ ಕಂಡರೆ ಆಗಲ್ಲ. ಕೆಟ್ಟ ಜನ. ಆಡಿಗೆ ಕಲ್ಲು ಹೊಡೀತಾರೆ. ಆದರೆ ಗುಡ್ಡ ಅವರದು. ಐವತ್ತು ವರ್ಷದಿಂದ ಅವರ ಒಲೆ ಹೊಗೆ ನನ್ನ ಕಣ್ಣಿಗೆ ಬರ್ತಾ ಇದೆ."

ಅಧಿಕಾರಿಗೆ ನಗು ಬಂತು, ಕೆಮ್ಮಿದಂತೆ ಮಾಡಿ ಬರೆದುಕೊಂಡರು. ನನಗೆ ಆ ಮುದುಕನ ಕಾಲು ಹಿಡಿಯಬೇಕು ಎನಿಸಿತು. ಅವನ ಅರ್ಜಿಯನ್ನೂ ಅಂದೇ ಕೈಗೆತ್ತಿಕೊಂಡರು. ಆಮೇಲೆ ಅಮ್ಮ ಕುರ್ಚಿ ಹತ್ತಿ ಅವನ ಇಳಿಜಾರಿನ ಗಡಿ ಹೇಳಿದಳು, ಅಷ್ಟೇ ಕರಾರುವಾಕ್ಕಾಗಿ, ಅಷ್ಟೇ ಕಹಿಯಾಗಿ. ಅವನದು, ಅವನು ಒಂದೂರಿಗಾಗುವಷ್ಟು ಜಗಳಗಂಟ, ಆದರೆ ಅವನದೇ, ಎಂದಳು. ನಮ್ಮ ವಕೀಲರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಆಗ ಸಕ್ಕರೆ ಎದ್ದಳು. ಕೈಯಲ್ಲಿ ನನ್ನ ಆರು ಪುಟ. ದೂರದಿಂದಲೇ ಕಾಣುತ್ತಿತ್ತು, ಸಾಲು ಸಾಲಿಗೂ ಹಳದಿ ಬಣ್ಣ ಬಳಿದಿದ್ದಳು. ನನ್ನ ಬರಹವನ್ನು ಅಷ್ಟು ಶ್ರದ್ಧೆಯಿಂದ ಇನ್ನಾರೂ ಓದಿರಲಿಕ್ಕಿಲ್ಲ.

"ಅಮ್ಮಾ, ಗುಡ್ಡದ ಬಗ್ಗೆ ನನ್ನ ತಕರಾರಿಲ್ಲ. ಇಳಿಜಾರಿನ ಬಗ್ಗೆಯೂ ಇಲ್ಲ. ಒಂದೇ ಪ್ರಶ್ನೆ. ನಡುವೆ ಒಂದು ಒರತೆ ಇದೆಯಂತಲ್ಲ, ನಿಮ್ಮ ಅರ್ಜಿಯಲ್ಲಿ ಅದೂ ಇದೆ. ಅದು ನಿಮ್ಮದೇನಮ್ಮಾ?"

ನಮ್ಮ ವಕೀಲರು ಅರ್ಧ ಎದ್ದರು. ಅಧಿಕಾರಿ ಪ್ರಶ್ನೆ ಸರಿಯಾಗಿದೆ ಎಂದು ಕೈಸನ್ನೆ ಮಾಡಿದರು. ಅಮ್ಮ ತುಂಬ ಹೊತ್ತು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಹೊರಗಿನವರ ಎದುರು ಪಕ್ಕದವನಿಗೆ ಸಲ್ಲಬೇಕಾದ ಮಾತನ್ನು ನುಂಗಿಕೊಂಡರೆ ಮಾನ ಹೋಗುವುದು ಅವಳದೇ. ಮನೆಯೊಳಗೆ ಎಷ್ಟು ವರ್ಷ ಬೇಕಾದರೂ ಬಾಯಿ ಮುಚ್ಚಿಕೊಂಡಿರಬಹುದು, ಇಲ್ಲಿ ಆಗುವುದಿಲ್ಲ. ಇದನ್ನೂ ನಾನೇ ಬರೆದಿದ್ದೆ, ನಾಲ್ಕನೇ ಪುಟದಲ್ಲಿ.

"ಅವನದು" ಎಂದಳು.

ಮುಳ್ಳುಮಾವ ತಲೆ ಎತ್ತಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನಮ್ಮಮ್ಮನನ್ನು ನೇರವಾಗಿ ನೋಡಿದ್ದನ್ನು ನಾನು ಕಂಡೆ. ಸಕ್ಕರೆ ಅವನನ್ನು ಮತ್ತೆ ಕರೆದಳು, ಕುರ್ಚಿಯವರೆಗೆ ಮೊಣಕೈ ಹಿಡಿದು ನಡೆಸಿದಳು.

"ಯಜಮಾನರೇ, ಆಯಮ್ಮ ಒರತೆ ನಿಮ್ಮದು ಅಂದರು. ನಿಮ್ಮ ಅರ್ಜಿಯಲ್ಲೂ ಅದು ಇದೆ. ನಿಮ್ಮದೇ ತಾನೇ?"

ಹೌದು ಅನ್ನು ಮಾವ, ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಸತ್ತವರ ಮೇಲೆ ಆಣೆ, ಒಂದು ಸಲ ಹೌದು ಅನ್ನು. ಯಾರ ಪಾಲಿಗಾದರೂ ಹೋಗಲಿ, ನಮ್ಮಲ್ಲೇ ಉಳಿಯುತ್ತದೆ.

"ಅಲ್ಲ, ಅವಳದು" ಎಂದ. ದನಿ ಗಟ್ಟಿಯಾಗಿತ್ತು. "ಅವಳ ಗಂಡ ಇದ್ದಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಂದೇ ತಪ್ಪು. ಬರಕೊಳ್ಳಿ, ಒರತೆ ಅವಳದು."

ಅಮ್ಮ ಸೆರಗು ಬಾಯಿಗೆ ಒತ್ತಿ ಹಿಡಿದಳು. ಎಂಥ ದಡ್ಡಿ ನಾನು, ನನಗೂ ಕಣ್ಣು ತುಂಬಿತು. ಅಪ್ಪ ಬಾಗಿಲು ನೋಡುತ್ತ ಕಾದ ಮಾತು ಅದು. ಅಂತೂ ಬಂತಲ್ಲ ಎಂದುಕೊಂಡೆ.

"ಅಷ್ಟೇ" ಎಂದಳು ಸಕ್ಕರೆ. "ಒರತೆಯ ಜಾಗಕ್ಕೆ ಅರ್ಜಿ ಹಾಕಿದವರು ಇಬ್ಬರೇ. ಅದು ತನ್ನದಲ್ಲ ಎಂದು ಇಬ್ಬರೂ ಪ್ರಮಾಣ ಮಾಡಿ ಹೇಳಿದ್ದಾರೆ. ದಾಖಲಾಗಲಿ."

ನಮ್ಮ ವಕೀಲರು ಆ ದಿನ ದನಿ ಏರಿಸಿದರು. ಪಕ್ಕದವರ ಮಾತೇ ರುಜುವಾತು ಎಂದು ಗುಡ್ಡಕ್ಕೆ ಒಪ್ಪಿದ್ದೀರಿ, ಇಳಿಜಾರಿಗೆ ಒಪ್ಪಿದ್ದೀರಿ, ಒರತೆಗೂ ಅದೇ ನ್ಯಾಯ, ಇಬ್ಬರೂ ಇನ್ನೊಬ್ಬರದು ಎಂದಿದ್ದಾರೆ, ಅಂದರೆ ಅದು ಇಬ್ಬರದೂ ಎಂದು ವಾದಿಸಿದರು. ಅಧಿಕಾರಿ ಕಾನೂನು ಪುಸ್ತಕ ತಿರುವಿದರು. ಜಂಟಿ ಹಕ್ಕಿಗೆ ಬೇರೆ ನಮೂನೆಯ ಅರ್ಜಿಯಿದೆ, ಅದನ್ನು ಯಾರೂ ಹಾಕಿಲ್ಲ. ಇದ್ದ ಎರಡು ಅರ್ಜಿಗಳಲ್ಲಿ ಸಾಕ್ಷ್ಯಗಳು ಒಂದಕ್ಕೊಂದು ವಿರುದ್ಧವಾಗಿವೆ ಎಂದರು. ಊಟದ ವಿರಾಮದ ನಂತರ ಆದೇಶ ಓದಿದರು. ಗುಡ್ಡ ಅಮ್ಮನಿಗೆ. ಇಳಿಜಾರು ಮುಳ್ಳುಮಾವನಿಗೆ. ಒರತೆ, ಅದರ ಬಂಡೆ, ಅಲ್ಲಿಗೆ ಇಳಿಯುವ ಕಾಲುದಾರಿ ಸರ್ಕಾರಕ್ಕೆ.

ಮೊಗಸಾಲೆಯಲ್ಲಿ ಸಕ್ಕರೆ ನನ್ನ ಪಕ್ಕವೇ ಹಾದುಹೋದಳು. "ತುಂಬ ಸ್ಪಷ್ಟವಾಗಿ ಬರೀತೀಯ ನೀನು" ಎಂದಳು. ನೀರಿಲ್ಲದ ಗುಡ್ಡದಲ್ಲಿ ಎಷ್ಟು ತಿಂಗಳು ಇರುತ್ತೀರಿ ಎಂದು ಅವಳು ಕೇಳಲಿಲ್ಲ. ಕಂಪನಿಗೆ ಅವಸರವಿರಲಿಲ್ಲ, ಮುಂದಿನ ಬೇಸಿಗೆಯವರೆಗೆ ಕಾದರೆ ಸಾಕಿತ್ತು. ಅವಳ ಆ ನಯವಾದ ಕೆನ್ನೆಗೆ ಒಂದು ಬಿಡಬೇಕೆಂದು ನನ್ನ ಕೈ ತುರಿಸಿತು. ನಿಜವಾಗಿ ಬಿಡಬೇಕಾದದ್ದು ಯಾರ ಕೆನ್ನೆಗೆಂದು ಗೊತ್ತಿದ್ದರಿಂದ ಸುಮ್ಮನಾದೆ.

ನಮ್ಮ ವಕೀಲರು ಬೆವರು ಒರೆಸಿಕೊಳ್ಳುತ್ತ ಬಂದರು. "ಐದು ಗಂಟೆಗೆ ಅಧಿಕಾರಿ ಏಳ್ತಾರೆ. ಅಷ್ಟರೊಳಗೆ ತಡೆಯಾಜ್ಞೆ ಕೇಳಬಹುದು. ಆದರೆ ಒಬ್ಬರಾದರೂ ಒಳಗೆ ಹೋಗಿ ಒರತೆ ನನ್ನದು ಅಂತ ಪ್ರಮಾಣ ಮಾಡಿ ಹೇಳಬೇಕು. ಅರ್ಜಿದಾರರು ಅಥವಾ ಅವರ ವಾರಸುದಾರರು. ಹೇಳದಿದ್ದರೆ ನಾಳೆ ಬೆಳಿಗ್ಗೆ ಅಲ್ಲಿಗೆ ತಂತಿ ಬೇಲಿ ಬರುತ್ತೆ."

ಆಗ ನಾಲ್ಕೂ ಇಪ್ಪತ್ತು.

ಅಮ್ಮ ಒಂದು ಬೆಂಚಿನಲ್ಲಿ, ಮುಳ್ಳುಮಾವ ಇನ್ನೊಂದರಲ್ಲಿ. ನಾನು ಮೊದಲು ಅಮ್ಮನ ಮುಂದೆ ಮಂಡಿಯೂರಿದೆ.

"ಕೇಳಿಸ್ತಲ್ಲಮ್ಮಾ. ಒಂದು ಮಾತು. ಸುಳ್ಳೇನಲ್ಲ."

"ಬೆಳಿಗ್ಗೆ ತಾನೇ ಅವನದು ಅಂದಿದ್ದೀನಿ. ಸಂಜೆಯೊಳಗೆ ನಂದು ಅನ್ನಬೇಕಾ? ಅವನು ತನ್ನ ತಪ್ಪು ಅಂತ ಅಷ್ಟು ಜನರ ಮುಂದೆ ಹೇಳಿದ ಮೇಲೆ?"

"ಹೇಳದಿದ್ದರೆ ನೀರು ಹೋಗುತ್ತೆ."

"ಹೇಳಿದರೆ ನಾನು ಹೋಗ್ತೀನಿ" ಎಂದಳು ಅಮ್ಮ. ಅಳುತ್ತಿರಲಿಲ್ಲ.

ಮುಳ್ಳುಮಾವನ ಕಡೆ ತಿರುಗಿದೆ. ಬಾಯಿ ತೆರೆಯುವ ಮೊದಲೇ ಅವನು ತಲೆ ಅಲ್ಲಾಡಿಸಿದ. "ಅವಳದು ಅಂದೆನಲ್ಲ. ಇನ್ನು ಆಯಿತು."

ಇಬ್ಬರನ್ನೂ ಹಿಡಿದು ಜಾಡಿಸಬೇಕು ಎನಿಸಿತು ನನಗೆ. ಮೂವತ್ತು ವರ್ಷ ಹೇಳಬೇಕಾದಾಗ ಹೇಳಲಿಲ್ಲ, ಹೇಳಬಾರದ ದಿನ ಇಬ್ಬರೂ ಧಾರಾಳಿಗಳಾದರು. ಈಗ ಮಾನ ದೊಡ್ಡದಂತೆ. ಮಾನ ಕುಡಿದು ಬದುಕುತ್ತಾರಂತೆ. ಎದ್ದು ನಿಂತು ಇದನ್ನೆಲ್ಲ ಅಂದೂಬಿಟ್ಟೆ. ಮೊಗಸಾಲೆಯಲ್ಲಿ ಓಡಾಡುತ್ತಿದ್ದ ಜವಾನ ನಿಂತು ನೋಡಿದ. ಅವರಿಬ್ಬರೂ ಎದುರಿನ ಗೋಡೆಯನ್ನು ನೋಡಿದರು.

ವಕೀಲರು ಮೆಲ್ಲಗೆ, "ವಾರಸುದಾರಳು ನೀನೇ ಅಲ್ವಾ" ಎಂದರು.

ಒಳಗೆ ಹೋದೆ. ಬಾಗಿಲಿಗೆ ಚಿಲಕವಿರಲಿಲ್ಲ, ಅದು ತೆರೆದೇ ಉಳಿಯಿತು; ಒಳಗಿನ ಮಾತು ಬೆಂಚಿನವರೆಗೂ ಕೇಳುತ್ತಿತ್ತು. ಬೆಳಿಗ್ಗೆ ಅವರಿಬ್ಬರೂ ಕೂತಿದ್ದ ಕುರ್ಚಿಯಲ್ಲೇ ಕೂತು ಪ್ರಮಾಣ ಮಾಡಿದೆ. ಅಧಿಕಾರಿ ಕೇಳಿದರು, ಒರತೆ ಯಾರದು. ನಾನು ಪಟ್ಟಣದ ಹುಡುಗಿ, ಒಂಬತ್ತು ವರ್ಷಕ್ಕೇ ಇಳಿದುಬಂದವಳು, ದಿನಕ್ಕೆ ಹತ್ತು ಅರ್ಜಿಗಳಲ್ಲಿ 'ನನ್ನದು' ಎಂದು ಬೆರಳಚ್ಚು ಮಾಡುವವಳು. ಆದರೂ ನಾಲಿಗೆ ಹೊರಳಲಿಲ್ಲ. ಅಧಿಕಾರಿ ಎರಡನೇ ಸಲ ಕೇಳಿದರು.

"ನನ್ನದು" ಎಂದೆ.

"ಜೋರಾಗಿ ಹೇಳಿ, ದಾಖಲಾಗಬೇಕು."

"ಒರತೆ ನನ್ನದು. ಅದರ ಬಂಡೆ ನನ್ನದು. ದಾರಿ ನನ್ನದು."

ಸಕ್ಕರೆ ಆಕ್ಷೇಪಣೆ ಎತ್ತಿದಳು. ಅಧಿಕಾರಿ ಗಡಿಯಾರ ನೋಡಿ, ಮೇಲ್ಮನವಿ ಮುಗಿಯುವವರೆಗೆ ಯಥಾಸ್ಥಿತಿ ಎಂದು ಬರೆದು ಸಹಿ ಮಾಡಿದರು. ನಮ್ಮ ವಕೀಲರು ನನ್ನ ಬೆನ್ನು ತಟ್ಟಿದರು. ನಾಳೆ ಬೇಲಿ ಬರುವುದಿಲ್ಲ, ಗುಡ್ಡದಲ್ಲಿ ನೀರಿರುತ್ತದೆ. ನಾನು ಪ್ರತಿ ತೆಗೆದುಕೊಂಡು ಹೆಚ್ಚುಕಡಿಮೆ ಓಡುತ್ತಲೇ ಹೊರಗೆ ಬಂದೆ.

ಅಮ್ಮ ತನ್ನ ಬೆಂಚಿನಲ್ಲಿ ಇರಲಿಲ್ಲ. ಮುಳ್ಳುಮಾವನ ಬೆಂಚಿನಲ್ಲಿ, ಅವನ ಪಕ್ಕದಲ್ಲಿ ಕೂತಿದ್ದಳು. ಅವನು ಅವಳಿಗೆ ಜಾಗ ಬಿಟ್ಟು ಸರಿದಿದ್ದ.

"ನಾಳೆಯಿಂದ ನೀನೂ ಬೆಳಿಗ್ಗೆಯೇ ನೀರಿಗೆ ಬಾ" ಎನ್ನುತ್ತಿದ್ದಳು ಅವನಿಗೆ. "ನನಗೆ ಒಬ್ಬಳೇ ಹೋಗೋಕೆ ಮುಖ ಇಲ್ಲ."

"ಬರ್ತೀನಿ" ಎಂದ ಅವನು.

"ಅಮ್ಮಾ, ಸಿಕ್ಕಿತು" ಎಂದೆ ನಾನು.

ಅಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸಕ್ಕರೆಯನ್ನು ಕೂಡ ಅವಳು ಹಾಗೆ ನೋಡಿರಲಿಲ್ಲ. ಆಮೇಲೆ, ಕಚೇರಿಯವರೊಡನೆ ಮಾತಾಡುವಾಗ ಬಳಸುವ ದನಿಯಲ್ಲಿ, "ನಾವು ನೀರು ತಗೋಬಹುದಾ?" ಎಂದು ಕೇಳಿದಳು.

ನಾನು ಉತ್ತರ ಕೊಡುವವರೆಗೂ ಇಬ್ಬರೂ ಏಳಲಿಲ್ಲ.